ಸದ್ದು ಮಾಡದ ಮಾರ್ಪಾಡು: ಕಾನೂನಿನ ಕಣ್ಣಿಗೆ ಬೀಳದ ಬೈಕ್ ಇಂಧನ ಮಾಡ್ಯೂಲ್

ದೊಡ್ಡಬಳ್ಳಾಪುರ: ವಾರಾಂತ್ಯದ ಬೆಳಗಿನ ಜಾವ ಬೆಂಗಳೂರಿನಿಂದ ನಂದಿಬೆಟ್ಟದತ್ತ ಹೊರಡುವ ಸ್ಪೋರ್ಟ್ಸ್ ಬೈಕ್‌ಗಳಲ್ಲಿ ಒಂದು ಪಾಲು ಯಲಹಂಕ ದಾಟಿ ದೊಡ್ಡಬಳ್ಳಾಪುರದ ಹಾದಿ ಹಿಡಿಯುತ್ತದೆ. ಕರ್ಕಶ ಸೈಲೆನ್ಸರ್ ಹಾಕಿಸಿದ ಬೈಕ್ ಬಂದರೆ ಊರಿಗೆಲ್ಲ ಕೇಳಿಸುತ್ತದೆ, ಪೊಲೀಸರಿಗೂ ಕೇಳಿಸುತ್ತದೆ. ಅಂಥ ಸೈಲೆನ್ಸರ್‌ಗಳನ್ನು ಕಿತ್ತು ರೋಡ್ ರೋಲರ್ ಹರಿಸಿದ ದೃಶ್ಯಗಳು ರಾಜ್ಯದ ಹಲವು ನಗರಗಳಿಂದ ಬಂದಿವೆ. ಆದರೆ ಸೀಟಿನ ಅಡಿಯಲ್ಲಿ ಅಂಗೈಯಗಲದ ಕಪ್ಪು ಪೆಟ್ಟಿಗೆಯೊಂದನ್ನು ಜೋಡಿಸಿಕೊಂಡ ಬೈಕ್ ಯಾವ ಸದ್ದನ್ನೂ ಮಾಡುವುದಿಲ್ಲ. ಎಂಜಿನ್‌ಗೆ ಎಷ್ಟು ಪೆಟ್ರೋಲ್ ಹೋಗಬೇಕೆಂಬುದನ್ನು ತಯಾರಕರ ಬದಲು ಈ ಪೆಟ್ಟಿಗೆ ನಿರ್ಧರಿಸುತ್ತಿರುತ್ತದೆ.

ಇದೇ ಸ್ವಯಂ ಹೊಂದಾಣಿಕೆಯ ಇಂಧನ ಮಾಡ್ಯೂಲ್. ಇಂಥವುಗಳನ್ನು ತರಿಸಲು ವಿದೇಶದತ್ತ ನೋಡಬೇಕಾಗಿಲ್ಲ. ಪವರ್‌ಟ್ರಾನಿಕ್ ಮತ್ತು ಫ್ಯುಯೆಲ್‌ಎಕ್ಸ್ ಹೆಸರಿನ ಉಪಕರಣಗಳನ್ನು ರೂಪಿಸಿದ ರೇಸ್ ಡೈನಾಮಿಕ್ಸ್ ಬೆಂಗಳೂರಿನದೇ ಸಂಸ್ಥೆ.

ಕಾರ್ಬ್ಯುರೇಟರ್ ಕಾಲದಲ್ಲಿ ಈ ಕೆಲಸ ಊರಿನ ಮೆಕ್ಯಾನಿಕ್‌ನ ಕೈಯಲ್ಲಿತ್ತು. ಆರ್‌ಎಕ್ಸ್ 100 ಸರಿಯಾಗಿ ಎಳೆಯದಿದ್ದರೆ ಜೆಟ್ ಬದಲಿಸಿ, ಸ್ಕ್ರೂ ತಿರುಗಿಸಿ, ಪ್ಲಗ್‌ನ ಬಣ್ಣ ನೋಡಿ ತೀರ್ಮಾನಿಸುತ್ತಿದ್ದರು. 2020ರ ಏಪ್ರಿಲ್ 1ರಿಂದ ಬಿಎಸ್-6 ಮಾನದಂಡ ಜಾರಿಗೆ ಬಂದ ಮೇಲೆ ಹೊಸ ಬೈಕ್‌ಗಳಲ್ಲಿ ಫ್ಯುಯೆಲ್ ಇಂಜೆಕ್ಷನ್ ಬಹುತೇಕ ಸಾರ್ವತ್ರಿಕವಾಯಿತು, ಕಾರ್ಬ್ಯುರೇಟರ್‌ನ ಜಾಗಕ್ಕೆ ಇಸಿಯು ಎಂಬ ಗಣಕ ಬಂದಿತು. ದೊಡ್ಡಬಳ್ಳಾಪುರದಿಂದ 1,478 ಮೀಟರ್ ಎತ್ತರದ ನಂದಿಬೆಟ್ಟದ ತುದಿಗೆ ಏರುವಷ್ಟರಲ್ಲಿ ಗಾಳಿ ತುಸು ತೆಳುವಾಗುತ್ತದೆ. ಹಳೆಯ ಬೈಕ್ ಇಲ್ಲಿ ಏದುಸಿರು ಬಿಡುತ್ತಿತ್ತು. ಇಸಿಯು ಒತ್ತಡ ಅಳೆಯುವ ಸೆನ್ಸರ್‌ನ ನೆರವಿನಿಂದ ಪೆಟ್ರೋಲನ್ನು ತಾನಾಗಿಯೇ ತಗ್ಗಿಸಿಕೊಳ್ಳುತ್ತದೆ.

ಹಾಗಿದ್ದರೆ ಇನ್ನೊಂದು ಪೆಟ್ಟಿಗೆ ಏಕೆ?

ಒಂದು ಭಾಗ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಭಾಗ ಗಾಳಿ ಬೇಕು. ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಚೆನ್ನಾಗಿ ಕೆಲಸ ಮಾಡುವುದು ಈ ಪ್ರಮಾಣದ ಆಸುಪಾಸಿನಲ್ಲಿ ಮಾತ್ರ. ಎಂಜಿನ್ ಹೆಚ್ಚು ಶಕ್ತಿ ಕೊಡುವುದಾದರೋ 13ರ ಸುತ್ತಮುತ್ತ, ಅಂದರೆ ಪೆಟ್ರೋಲ್ ಹೆಚ್ಚಿದ್ದಾಗ. ಹೊಗೆಯ ಮಿತಿಗೆ ಕಟ್ಟುಬಿದ್ದ ತಯಾರಕರು ಪೆಟ್ರೋಲನ್ನು ಬಿಗಿಹಿಡಿಯುತ್ತಾರೆ. ಕಡಿಮೆ ವೇಗದಲ್ಲಿ ಬೈಕ್ ಮುಗ್ಗರಿಸಿದಂತಾಗುವುದು, ಎಂಜಿನ್ ಹೆಚ್ಚು ಬಿಸಿಯಾಗುವುದು ಎಂಬ ದೂರುಗಳ ಮೂಲ ಅನೇಕ ವೇಳೆ ಇಲ್ಲೇ ಇರುತ್ತದೆ. ಸೈಲೆನ್ಸರ್, ಏರ್ ಫಿಲ್ಟರ್ ಬದಲಿಸಿದವರಿಗೆ ಈ ಕೊರತೆ ಇನ್ನಷ್ಟು ಕಾಡುತ್ತದೆ.

ಮಾಡ್ಯೂಲ್ ಇಸಿಯು ಮತ್ತು ಇಂಜೆಕ್ಟರ್ ನಡುವೆ ಕುಳಿತು, ಇಂಜೆಕ್ಟರ್ ತೆರೆದಿರುವ ಅವಧಿಯನ್ನು ಕೂದಲೆಳೆಯಷ್ಟು ಹಿಗ್ಗಿಸುತ್ತದೆ. ಹಳೆಯ ಮಾದರಿಗಳಿಗೆ ಲ್ಯಾಪ್‌ಟಾಪ್ ಹಿಡಿದ ತಜ್ಞ ಬೇಕಿತ್ತು. ಸ್ವಯಂ ಹೊಂದಾಣಿಕೆಯ ಮಾದರಿ ಆಕ್ಸಿಜನ್ ಸೆನ್ಸರ್‌ನ ಸಂಕೇತ ಓದಿ, ಸವಾರಿ ಸಾಗಿದಂತೆ ತನ್ನ ಲೆಕ್ಕವನ್ನು ತಾನೇ ತಿದ್ದಿಕೊಳ್ಳುತ್ತದೆ. ಬೇರಾವ ಭಾಗವನ್ನೂ ಬದಲಿಸದ ಬೈಕ್‌ನಲ್ಲಿ ಇದರಿಂದ ಸಿಗುವುದು ಮುಖ್ಯವಾಗಿ ಓಟದ ನಯ. ಅಶ್ವಶಕ್ತಿ ದಿಢೀರನೆ ಏರುತ್ತದೆಂದು ನಂಬಿ ಹಣ ತೆತ್ತವರು ನಿರಾಶರಾಗುವ ಸಂಭವವೇ ಹೆಚ್ಚು.

ಇತ್ತೀಚೆಗೆ ಈ ಚರ್ಚೆಗೆ ಎಥೆನಾಲ್ ಸೇರಿಕೊಂಡಿದೆ. ದೇಶದಲ್ಲಿ ಶೇ 10ರ ಮಿಶ್ರಣದ ಗುರಿ 2022ರ ಜೂನ್‌ನಲ್ಲಿ ಈಡೇರಿತು; 2030ಕ್ಕೆಂದು ಇದ್ದ ಶೇ 20ರ ಗುರಿ 2025ರಲ್ಲೇ ಮುಟ್ಟಿತು. ಎಥೆನಾಲ್ ಉರಿಯಲು ಬೇಕಾದ ಗಾಳಿ ಸುಮಾರು 9 ಭಾಗ ಮಾತ್ರ. ಆದ್ದರಿಂದ ಶೇ 20ರ ಮಿಶ್ರಣಕ್ಕೆ ಸರಿಯಾದ ಪ್ರಮಾಣ 14.7ರಿಂದ ಸುಮಾರು 13.5ಕ್ಕೆ ಇಳಿಯುತ್ತದೆ. ಒಂದೇ ವೇಗದಲ್ಲಿ ಸಾಗುವಾಗ ಬೈಕ್‌ನ ಆಕ್ಸಿಜನ್ ಸೆನ್ಸರ್ ಈ ವ್ಯತ್ಯಾಸ ಸರಿದೂಗಿಸುತ್ತದೆ. ಥ್ರಾಟಲ್ ಪೂರ್ತಿ ತಿರುವಿದಾಗ ಮಾತ್ರ ಇಸಿಯು ಸೆನ್ಸರ್‌ನ ಮಾತು ಬಿಟ್ಟು, ಕಾರ್ಖಾನೆಯಲ್ಲಿ ಬರೆದಿಟ್ಟ ಪಟ್ಟಿಯನ್ನೇ ಅನುಸರಿಸುತ್ತದೆ. ಹಳೆಯ ಇಂಧನಕ್ಕೆಂದು ಬರೆದ ಪಟ್ಟಿ ಹೊಸ ಇಂಧನಕ್ಕೆ ಕಡಿಮೆ ಬೀಳುತ್ತದೆ. ಹಳೆಯ ದ್ವಿಚಕ್ರ ವಾಹನಗಳ ಮೈಲೇಜ್ ಶೇ 3ರಿಂದ 4ರಷ್ಟು ಕುಗ್ಗಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಶೇ 20ರ ಮಿಶ್ರಣವನ್ನು ಪ್ರಶ್ನಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾಗೊಳಿಸಿತು. ಟ್ಯಾಂಕಿನ ಇಂಧನವನ್ನು ಸರಕಾರವೇ ಬದಲಿಸಿದ ಮೇಲೆ, ಅದಕ್ಕೆ ತಕ್ಕಂತೆ ಎಂಜಿನ್ ಹೊಂದಿಸಿಕೊಂಡರೆ ತಪ್ಪೇನು ಎಂಬ ಸವಾರನ ಪ್ರಶ್ನೆಯನ್ನು ಬರೀ ಶೋಕಿ ಎಂದು ತಳ್ಳಿಹಾಕುವಂತಿಲ್ಲ.

ಕಾನೂನಿನ ಉತ್ತರ ಅಸ್ಪಷ್ಟ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ನಮೂದಿಸಿದ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಮಾಡ್ಯೂಲ್‌ನಿಂದ ಬೈಕ್‌ನ ಸಿಸಿ ಬದಲಾಗದು, ಇಂಧನದ ಬಗೆ ಬದಲಾಗದು, ಆದ್ದರಿಂದ ಈ ಸೆಕ್ಷನ್ ತಟ್ಟದು ಎಂಬ ವಾದಕ್ಕೆ ಇಲ್ಲಿ ಅವಕಾಶವಿದೆ. ಆದರೆ 2019ರ ತಿದ್ದುಪಡಿಯಲ್ಲಿ ಬಂದ 182ಎ(4) ಬಿಡಿಭಾಗಗಳ ಜೋಡಣೆಯನ್ನೂ ಹೆಸರಿಸುತ್ತದೆ. ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ. ವಾಯುಮಾಲಿನ್ಯದ ಮಿತಿ ಮೀರಿದರೆ 190(2)ನೇ ಸೆಕ್ಷನ್ ಬೇರೆ.

ಪತ್ತೆ ಹಚ್ಚುವವರು ಯಾರು? ಪಿಯುಸಿ ಕೇಂದ್ರದಲ್ಲಿ ದ್ವಿಚಕ್ರ ವಾಹನದ ಹೊಗೆ ಪರೀಕ್ಷಿಸುವುದು ಎಂಜಿನ್ ಐಡಲ್‌ನಲ್ಲಿರುವಾಗ. ಮಾಡ್ಯೂಲ್ ಪೆಟ್ರೋಲ್ ಸುರಿಯುವುದು ಮುಖ್ಯವಾಗಿ ಥ್ರಾಟಲ್ ತಿರುವಿದಾಗ. ಬಿಎಸ್-6 ಬೈಕ್ ಕಿಲೋಮೀಟರ್‌ಗೆ 1 ಗ್ರಾಂ ಮಾತ್ರ ಕಾರ್ಬನ್ ಮಾನಾಕ್ಸೈಡ್ ಉಗುಳಬಹುದು. ಪೆಟ್ರೋಲ್ ಹೆಚ್ಚಾದಾಗ ಮೊದಲು ಏರುವುದು ಅದೇ. ಆ ಏರಿಕೆಯನ್ನು ಈ ಪರೀಕ್ಷೆ ಹಿಡಿಯಲಾರದು.

ಅಮೆರಿಕದಲ್ಲಿ ಇದೇ ವಿಷಯ ದೊಡ್ಡ ಪ್ರಕರಣವಾಯಿತು. ಹಾರ್ಲೆ-ಡೇವಿಡ್ಸನ್ 2008ರಿಂದ ಮಾರಿದ ಸುಮಾರು 3.4 ಲಕ್ಷ ‘ಸೂಪರ್ ಟ್ಯೂನರ್’ಗಳು ಹೊಗೆ ಹೆಚ್ಚಿಸುತ್ತವೆಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಆರೋಪಿಸಿತು. ಅವು ರೇಸ್ ಟ್ರ್ಯಾಕ್‌ಗೆಂದೇ ಮಾಡಿದವು ಎಂದು ಕಂಪನಿ ಸಮರ್ಥಿಸಿಕೊಂಡಿತಾದರೂ, 2016ರ ಆಗಸ್ಟ್‌ನಲ್ಲಿ 1.2 ಕೋಟಿ ಡಾಲರ್ ದಂಡಕ್ಕೆ ಒಪ್ಪಿತು. ಅದೇ ದೇಶದ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ದಾರಿಯೂ ಇದೆ. ಹೊಗೆ ಹೆಚ್ಚಿಸುವುದಿಲ್ಲವೆಂದು ಪರೀಕ್ಷೆಯಲ್ಲಿ ಸಾಬೀತಾದ ಬಿಡಿಭಾಗಕ್ಕೆ ಅನುಮತಿ ಸಂಖ್ಯೆ ಸಿಗುತ್ತದೆ, ಅದನ್ನು ರಸ್ತೆಯಲ್ಲೇ ಬಳಸಬಹುದು.

‘ರೇಸ್ ಬಳಕೆಗೆ ಮಾತ್ರ’ ಎಂಬ ಚೀಟಿ ನಮ್ಮಲ್ಲಿ ಇನ್ನೂ ಹಾಸ್ಯಾಸ್ಪದ. ಬೆಂಗಳೂರಿನ ಸವಾರ ಬೈಕ್ ಓಡಿಸಲು ಹೆಸರಾಂತ ಟ್ರ್ಯಾಕ್ ಹುಡುಕಿದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಗೋ ಹೋಗಬೇಕು. ಅಷ್ಟು ದೂರ ಹೋಗುವವರು ಎಷ್ಟು ಮಂದಿ? ಉಳಿದವರ ಪಾಲಿಗೆ ಟ್ರ್ಯಾಕ್ ಎಂದರೆ ದೊಡ್ಡಬಳ್ಳಾಪುರ, ದೇವನಹಳ್ಳಿಯ ಹೆದ್ದಾರಿಗಳೇ.

ಪರೀಕ್ಷಿಸಿ ಅನುಮತಿಸುವ ಪದ್ಧತಿ ಭಾರತಕ್ಕೂ ಹೊಸದಲ್ಲ. ಸಿಎನ್‌ಜಿ, ಎಲ್‌ಪಿಜಿ ಕಿಟ್‌ಗಳನ್ನು ಪುಣೆಯ ಎಆರ್‌ಎಐನಂಥ ಸಂಸ್ಥೆಗಳು ಪರೀಕ್ಷಿಸಿ ಪ್ರಮಾಣೀಕರಿಸುತ್ತವೆ, ಆರ್‌ಟಿಒ ಕಚೇರಿ ನೋಂದಣಿ ಪತ್ರದಲ್ಲಿ ನಮೂದಿಸುತ್ತದೆ. ಇಂಧನ ಮಾಡ್ಯೂಲ್‌ಗಳಿಗೂ ಅದೇ ಪರೀಕ್ಷೆ ಕಡ್ಡಾಯವಾದರೆ ಉತ್ತಮವಾದವು ಉಳಿಯುತ್ತವೆ, ಹೊಗೆ ಉಗುಳುವವು ಕಪಾಟು ಸೇರುತ್ತವೆ. ಇಲ್ಲಿನ ತಯಾರಕರಿಗೂ ಇದರಿಂದ ನಷ್ಟವಿಲ್ಲ.

ಸದ್ಯಕ್ಕಂತೂ ಹೊಣೆಯೆಲ್ಲ ಮಾಲೀಕನ ತಲೆಯ ಮೇಲೆ. 2025ರ ಏಪ್ರಿಲ್‌ನಿಂದ ಜಾರಿಯಾದ ಒಬಿಡಿ-2ಬಿ ನಿಯಮದಿಂದಾಗಿ ಹೊಸ ಬೈಕ್‌ಗಳು ಕ್ಯಾಟಲಿಟಿಕ್ ಕನ್ವರ್ಟರ್‌ನ ಆರೋಗ್ಯವನ್ನೂ ಗಮನಿಸುತ್ತವೆ, ದೋಷವನ್ನು ದಾಖಲಿಸಿಡುತ್ತವೆ. ಸರ್ವಿಸ್‌ಗೆ ಬಿಡುವ ಮುನ್ನ ಮಾಡ್ಯೂಲ್ ಬಿಚ್ಚಿಟ್ಟರೆ ವಾರಂಟಿ ಉಳಿಯುತ್ತದೆಂಬ ಲೆಕ್ಕ ಇಂಥ ಬೈಕ್‌ಗಳಲ್ಲಿ ನಡೆಯುವುದು ಅನುಮಾನ. ವಿಮೆಯ ವಿಷಯದಲ್ಲಿ ಬಿಚ್ಚಿಡಲು ಸಮಯವೇ ಇರುವುದಿಲ್ಲ: ಅಪಘಾತಕ್ಕೀಡಾದ ಬೈಕ್ ಸರ್ವೇಯರ್ ಮುಂದೆ ನಿಲ್ಲುವುದು, ಪಾಲಿಸಿ ಪಡೆಯುವಾಗ ತಿಳಿಸದ ಆ ಪೆಟ್ಟಿಗೆಯ ಸಮೇತ.