ಹೊಸ ಮನೆಯೂ ಕಾಯುವ ಕಾಲವೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಹಿರಿಯರ ಮಾತು, ಗೃಹಸ್ಥನು ತಾನೇ ಮುಂದೆ ನಿಂತು ಮನೆಯನ್ನು ಕಟ್ಟಿಸುತ್ತಿದ್ದ ಕಾಲದಲ್ಲಿ ಹುಟ್ಟಿದ್ದು. ಮೈಸೂರಿನಲ್ಲಿ 1903ರಲ್ಲಿಯೂ ಬೆಂಗಳೂರಿನಲ್ಲಿ 1945ರಲ್ಲಿಯೂ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡುಗಳು ಏರ್ಪಟ್ಟು ಬಡಾವಣೆಗಳು ಬೆಳೆದಾಗಲೂ ಈ ಪದ್ಧತಿಯೇ ನಡೆದು ಬಂದಿತು. ಸೈಟು ದೊರೆತ ಗೃಹಸ್ಥನು ಬೆಳಗ್ಗೆ ಕಚೇರಿಗೆ ಹೋಗುವ ಮೊದಲೊಮ್ಮೆ, ಸಂಜೆ ಮರಳುವಾಗೊಮ್ಮೆ ಕೆಲಸದ ಜಾಗಕ್ಕೆ ಹೋಗಿ, ಮೇಸ್ತ್ರಿಯೊಡನೆ ವಾದಿಸಿ, ಇಟ್ಟಿಗೆಯನ್ನು ಎಣಿಸಿ ಬರುತ್ತಿದ್ದನು. ಈಗ ಪಟ್ಟಣಗಳಲ್ಲಿ ಈ ಸ್ಥಿತಿ ಬಹುಮಟ್ಟಿಗೆ ಬದಲಾಗಿದೆ. ಬಿಲ್ಡರು ಕಟ್ಟುತ್ತಾನೆ, ಬ್ಯಾಂಕು ಹಣ ಕೊಡುತ್ತದೆ, ಗೃಹಸ್ಥನು ಕಾಯುತ್ತಾನೆ. ಕಾಗದದ ಮೇಲಣ ನಕ್ಷೆಯನ್ನೂ ಮಾದರಿಯ ಕೋಣೆಯನ್ನೂ ನೋಡಿ ಜೀವಮಾನದ ಉಳಿತಾಯವನ್ನು ಕೊಟ್ಟಮೇಲೆ ಎರಡು, ಮೂರು, ಕೆಲವು ವೇಳೆ ಆರೇಳು ವರ್ಷಗಳು ಕಾಯುವುದರಲ್ಲಿಯೇ ಕಳೆಯುತ್ತವೆ. ಆದುದರಿಂದ ಈ ತಿಂಗಳು ನಾವು ಮನೆಯನ್ನು ಆರಿಸುವ ವಿಷಯವನ್ನು ಬಿಟ್ಟು, ಕಾಯುವ ವಿಷಯವನ್ನು ಕುರಿತೇ ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಕಾಯುವಿಕೆಯಲ್ಲಿ ಎರಡು ಬಗೆಯುಂಟು. ಒಂದು, ಕಟ್ಟಡವು ತಾನೇ ಬೇಡುವ ಕಾಲ. ಇನ್ನೊಂದು, ಕಟ್ಟುವವನು ನಮ್ಮ ಮೇಲೆ ಹೇರುವ ಕಾಲ. ಮೊದಲನೆಯದನ್ನು ತಾಳ್ಮೆಯಿಂದ ಕೊಡಬೇಕು. ಎರಡನೆಯದಕ್ಕೆ ಲೆಕ್ಕ ಕೇಳಬೇಕು. ಇವೆರಡರ ಭೇದವನ್ನರಿಯದೆ, ಕೊಡಬೇಕಾದಲ್ಲಿ ಆತುರಪಡುವುದೂ ಕೇಳಬೇಕಾದಲ್ಲಿ ಸುಮ್ಮನಿರುವುದೂ ನಮ್ಮ ಅನೇಕ ಕುಟುಂಬಗಳ ಕಷ್ಟಕ್ಕೆ ಮೂಲವಾಗಿದೆ.

ಮೊದಲನೆಯ ಬಗೆಯನ್ನು ನೋಡೋಣ. ಕಾಂಕ್ರೀಟು ಒಣಗಿ ಗಟ್ಟಿಯಾಗುವುದೆಂದು ಹಲವರು ತಿಳಿದಿದ್ದಾರೆ. ನಿಜಸ್ಥಿತಿ ಹಾಗಲ್ಲ. ಸಿಮೆಂಟು ನೀರಿನೊಡನೆ ಕೂಡಿ ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುತ್ತದೆ. ಬೇಗ ಒಣಗಿದರೆ ಆ ಕ್ರಿಯೆ ಅರ್ಧಕ್ಕೆ ನಿಂತು ಬಲ ಕುಂದುತ್ತದೆ. ಈ ಕಾರಣದಿಂದಲೇ ತಾರಸಿಯ ಮೇಲೆ ಗಾರೆಯ ಸಣ್ಣ ಕಟ್ಟೆಗಳನ್ನು ಕಟ್ಟಿ ನೀರು ನಿಲ್ಲಿಸುವುದು, ಕಂಬಗಳಿಗೆ ನೆನೆದ ಗೋಣಿತಟ್ಟನ್ನು ಸುತ್ತುವುದು. ಮೇಸ್ತ್ರಿಗಳು ಇದನ್ನು ಕ್ಯೂರಿಂಗ್ ಎನ್ನುತ್ತಾರೆ. 2000ದಲ್ಲಿ ಪರಿಷ್ಕೃತವಾದ ಭಾರತೀಯ ಮಾನಕಸಂಹಿತೆಯು ಸಾಧಾರಣ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ, ಬಿಸಿಯಾದ ಒಣ ಹವೆಯಲ್ಲಿ ಕನಿಷ್ಠ 10 ದಿನ ತೇವವನ್ನು ಉಳಿಸತಕ್ಕದ್ದೆಂದು ವಿಧಿಸಿದೆ. ಕಾಂಕ್ರೀಟಿನ ಬಲವನ್ನು 28 ದಿನಗಳ ಲೆಕ್ಕದಲ್ಲಿ ಅಳೆಯುತ್ತಾರೆ. ನಾಲ್ಕೂವರೆ ಮೀಟರಿಗಿಂತ ಅಗಲವಾದ ತಾರಸಿಯ ಕೆಳಗಣ ಆಸರೆಗಳನ್ನು ಸಾಮಾನ್ಯವಾಗಿ 14 ದಿನ ತೆಗೆಯಬಾರದು. ಗೋಡೆಯ ಗಾರೆ ಚೆನ್ನಾಗಿ ಆರುವ ಮುನ್ನ ಬಣ್ಣ ಬಳಿದರೆ ಮುಂದಿನ ಮಳೆಗಾಲದಲ್ಲಿ ಅದು ಹಪ್ಪಳದಂತೆ ಏಳುತ್ತದೆ. ಆದುದರಿಂದ, ಕೊಂಡವರೆಲ್ಲರೂ ಗದ್ದಲ ಮಾಡಿದರೆಂದು ಕೊನೆಯ ಮೂರು ತಿಂಗಳಲ್ಲಿ ಆತುರಾತುರವಾಗಿ ಮುಗಿಸಿಕೊಟ್ಟ ಮನೆ ಲಾಭವೆಂದು ಯಾರೂ ಭಾವಿಸಬಾರದು.

ಎರಡನೆಯ ಬಗೆ ಬೇರೆ. ಕೂಲಿಯಾಳುಗಳು ಕಾಣದೆ ಕೆಲಸ ನಿಂತಿರುವುದು, ಒಂದು ಕಟ್ಟಡಕ್ಕೆಂದು ಕೂಡಿಸಿದ ಹಣ ಇನ್ನೊಂದು ಜಮೀನಿಗೆ ಹೋಗಿರುವುದು, ಮಂಜೂರಾತಿಗೆ ಮುನ್ನವೇ ಮಾರಾಟ ನಡೆದಿರುವುದು, ಇವು ಸಿಮೆಂಟು ಬೇಡಿದ ಕಾಲವಲ್ಲ. ಇದರ ಬೆಲೆಯನ್ನು ತೆರುವವನು ಗೃಹಸ್ಥನೇ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಬ್ಯಾಂಕು ಬಿಲ್ಡರಿಗೆ ಈವರೆಗೆ 30 ಲಕ್ಷ ರೂಪಾಯಿ ಕೊಟ್ಟಿದೆ. ಬಡ್ಡಿ ವರ್ಷಕ್ಕೆ ಶೇಕಡಾ 8.5 ಎಂದಿಟ್ಟುಕೊಂಡರೆ ತಿಂಗಳಿಗೆ ಬರಿಯ ಬಡ್ಡಿಯೇ 21,250 ರೂಪಾಯಿ. ಈಗ ವಾಸವಾಗಿರುವ ಮನೆಯ ಬಾಡಿಗೆ 20,000 ರೂಪಾಯಿ. ಎರಡೂ ಸೇರಿ 41,250. ಮನೆ 18 ತಿಂಗಳು ತಡವಾದರೆ 7,42,500 ರೂಪಾಯಿ ಕೈಬಿಟ್ಟು ಹೋಯಿತು. ಅಸಲಿನಲ್ಲಿ ಒಂದು ಕಾಸೂ ತೀರಲಿಲ್ಲ. ಮಗಳ ಓದಿಗೆಂದು ತೆಗೆದಿಟ್ಟುದು, ತಾಯಿಯ ಔಷಧೋಪಚಾರಕ್ಕೆಂದು ಇಟ್ಟುದು, ಇವೇ ಹೀಗೆ ಕರಗುವುವೆಂಬುದನ್ನು ಗೃಹಕೃತ್ಯ ನಡೆಸುವವರಿಗೆ ಹೇಳಬೇಕಾದುದಿಲ್ಲ.

ಈ ವಿಷಯದಲ್ಲಿ ಬಹುಕಾಲ ಕಾನೂನಿನ ಬೆಂಬಲ ದುರ್ಬಲವಾಗಿತ್ತು. ಈಗ ಹಾಗಲ್ಲ. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಮತ್ತು ಅಭಿವೃದ್ಧಿ ಅಧಿನಿಯಮವು 2017ರ ಮೇ 1ರಿಂದ ಪೂರ್ಣವಾಗಿ ಜಾರಿಗೆ ಬಂದಿತು. ಅದೇ ವರ್ಷ ಜುಲೈ ತಿಂಗಳಲ್ಲಿ ಕರ್ನಾಟಕದ ನಿಯಮಗಳು ಹೊರಟವು. ಜನರು ಇದನ್ನು ರೇರಾ ಎಂದು ಕರೆಯುತ್ತಾರೆ. 500 ಚದರ ಮೀಟರಿಗಿಂತ ಹೆಚ್ಚಿನ ಜಮೀನಿನಲ್ಲಿ, ಎಂಟಕ್ಕಿಂತ ಹೆಚ್ಚು ಮನೆಗಳನ್ನು ಕಟ್ಟುವ ಯೋಜನೆಗಳನ್ನು ಮಾರಾಟಕ್ಕೆ ಮುನ್ನವೇ ನೋಂದಣಿ ಮಾಡಿಸತಕ್ಕದ್ದು. ಕೊಳ್ಳುವವರಿಂದ ಬಂದ ಹಣದಲ್ಲಿ ಶೇಕಡಾ 70ನ್ನು ಪ್ರತ್ಯೇಕ ಖಾತೆಯಲ್ಲಿಟ್ಟು, ಆ ಯೋಜನೆಯ ಜಮೀನಿಗೂ ಕಟ್ಟಡಕ್ಕೂ ಮಾತ್ರ ಬಳಸತಕ್ಕದ್ದು. ನೋಂದಾಯಿತ ಕರಾರುಪತ್ರವಾಗುವ ಮೊದಲು ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡವನ್ನು ತೆಗೆದುಕೊಳ್ಳಕೂಡದು. ಹೇಳಿದ ದಿನಕ್ಕೆ ಮನೆ ಕೊಡದಿದ್ದರೆ ಕೊಂಡವನಿಗೆ ಎರಡು ದಾರಿಗಳಿವೆ: ಹಣವನ್ನು ಬಡ್ಡಿಸಮೇತ ಹಿಂದಕ್ಕೆ ಕೇಳಬಹುದು, ಅಥವಾ ಮನೆಯನ್ನೇ ಬಯಸಿದಲ್ಲಿ, ತಡವಾದ ಒಂದೊಂದು ತಿಂಗಳಿಗೂ ಬಡ್ಡಿಯನ್ನು ಕೇಳಬಹುದು. ಯುದ್ಧ, ಪ್ರವಾಹ, ಬರ, ಬೆಂಕಿ, ಭೂಕಂಪ ಮುಂತಾದ ಉತ್ಪಾತಗಳಿಗೆ ಅವಧಿಯ ವಿಸ್ತರಣವುಂಟು. 2020ರ ಸಾಂಕ್ರಾಮಿಕದ ಸಮಯದಲ್ಲಿ ಹೀಗೆಯೇ ಆರು ತಿಂಗಳ ವಿಸ್ತರಣಕ್ಕೆ ಕೇಂದ್ರ ಸರ್ಕಾರವು ಸೂಚಿಸಿತ್ತು. ಅಂತಹ ಕಾರಣವಿದ್ದಾಗ ಬಿಲ್ಡರನ್ನು ದೂರುವುದು ನ್ಯಾಯವಲ್ಲ. ಇಲ್ಲದಾಗ ದೂರದೆ ಇರುವುದು ವಿವೇಕವಲ್ಲ.

ಕರಾರಿನ ವಿಷಯವನ್ನೂ ಹೇಳಬೇಕು. 2019ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದ ಒಂದು ವ್ಯಾಜ್ಯದಲ್ಲಿ, ಕೊಂಡವನು ಕಂತನ್ನು ತಡಮಾಡಿದರೆ ಶೇಕಡಾ 18ರಂತೆ ಬಡ್ಡಿ, ಬಿಲ್ಡರು ಮನೆಯನ್ನು ತಡಮಾಡಿದರೆ ಶೇಕಡಾ 9ರಂತೆ ಬಡ್ಡಿ ಎಂದು ಬರೆದಿತ್ತು. ಇಂತಹ ಒಮ್ಮುಖವಾದ ಷರತ್ತುಗಳು ಕೊಂಡವನನ್ನು ಕಟ್ಟಿಹಾಕಲಾರವೆಂದೂ, ಬಹಳ ತಡವಾಗಿ ಕೊಡಬಂದ ಮನೆಯನ್ನು ಸ್ವೀಕರಿಸಲೇಬೇಕೆಂದು ಬಲಾತ್ಕರಿಸಲಾಗದೆಂದೂ ನ್ಯಾಯಾಲಯವು ತೀರ್ಮಾನಿಸಿತು. ಆದರೆ ನಮ್ಮ ವಾಚಕರು ಒಂದನ್ನು ನೆನಪಿನಲ್ಲಿಡಬೇಕು. ಆದೇಶ ದೊರೆತ ಮಾತ್ರಕ್ಕೆ ಹಣ ಕೈಗೆ ಬಂದಂತಲ್ಲ. ಭೂಕಂದಾಯದ ಬಾಕಿಯಂತೆ ಅದನ್ನು ವಸೂಲು ಮಾಡಲು ಕಾನೂನಿನಲ್ಲಿ ಅವಕಾಶವಿದ್ದರೂ ವಸೂಲಿಗೆ ದೀರ್ಘಕಾಲ ಹಿಡಿಯುವುದುಂಟು. ಬಂದ ಕಷ್ಟಕ್ಕೆ ಮದ್ದು ಹುಡುಕುವುದಕ್ಕಿಂತ ಬರುವ ಕಷ್ಟವನ್ನು ಮೊದಲೇ ಕಾಣುವುದು ಮೇಲು.

ಅದಕ್ಕೋಸ್ಕರ, ಕಾಯುವ ಕಾಲವನ್ನು ಬರಿಗೈಯಲ್ಲಿ ಕಳೆಯಬಾರದು. ನೋಂದಾಯಿತ ಯೋಜನೆಯ ಸ್ಥಿತಿಗತಿಯನ್ನು ಬಿಲ್ಡರು ಮೂರು ತಿಂಗಳಿಗೊಮ್ಮೆ ಪ್ರಾಧಿಕಾರದ ಜಾಲತಾಣದಲ್ಲಿ ಪ್ರಕಟಿಸತಕ್ಕದ್ದು. ಅದನ್ನು ತೆರೆದು ನೋಡುವ ಕೆಲಸವನ್ನು ಮನೆಯ ಮಕ್ಕಳಿಗೆ ಒಪ್ಪಿಸಬಹುದು. ಬ್ಯಾಂಕಿನಿಂದ ಮುಂದಿನ ಕಂತು ಬಿಡುಗಡೆಯಾಗುವ ಮುನ್ನ ಆ ಹಂತದ ಕೆಲಸ ನಿಜವಾಗಿಯೂ ನಡೆದಿದೆಯೇ ಎಂದು ಸ್ಥಳಕ್ಕೆ ಹೋಗಿ ನೋಡಿ ಬರಬೇಕು. ಬಾಯಿಮಾತಿನ ಭರವಸೆಯನ್ನು ಕಾಗದಕ್ಕೆ ಇಳಿಸಬೇಕು: "ದೀಪಾವಳಿಗೆ ಕೊಟ್ಟುಬಿಡುತ್ತೇವೆ ಸಾರ್" ಎಂಬ ಮಾತಿಗೆ ಮರುದಿನವೇ ಪತ್ರ ಬರೆದು, ಬಂದ ಉತ್ತರವನ್ನು ಜೋಪಾನವಾಗಿ ಇಡಬೇಕು. ಒಂದೇ ಕಟ್ಟಡದಲ್ಲಿ ಮನೆ ಕೊಂಡವರು ಒಬ್ಬರನ್ನೊಬ್ಬರು ಪರಿಚಯಮಾಡಿಕೊಳ್ಳಬೇಕು. ಒಬ್ಬನ ಪತ್ರಕ್ಕೆ ಬಾರದ ಉತ್ತರ ನಲವತ್ತು ಜನರ ಪತ್ರಕ್ಕೆ ಬರುವುದುಂಟು.

ಅಳತೆಯ ವಿಷಯದಲ್ಲಿಯೂ ಎಚ್ಚರ ಬೇಕು. ಮಾರಾಟದ ಮಾತಿನಲ್ಲಿ ಬರುವ ಸೂಪರ್ ಬಿಲ್ಟಪ್ ಅಳತೆಯಲ್ಲಿ ಮೆಟ್ಟಿಲು, ಲಿಫ್ಟು, ಮೊಗಸಾಲೆ ಮುಂತಾದುವುಗಳ ಪಾಲೂ ಸೇರಿರುತ್ತದೆ. ಕಾನೂನು ಒಪ್ಪುವುದು ಕಾರ್ಪೆಟ್ ಏರಿಯಾ ಎಂಬುದನ್ನು. ಅದರಲ್ಲಿ ಒಳಗೋಡೆಗಳು ಸೇರುತ್ತವೆ; ಹೊರಗೋಡೆಗಳೂ ಬಾಲ್ಕನಿಯೂ ಸೇರುವುದಿಲ್ಲ. ಮಂಚ, ಬೀರು, ತೊಟ್ಟಿಲು ಹಿಡಿಯುವುದು ಈ ಎರಡನೆಯ ಅಳತೆಯಲ್ಲಿಯೇ.

ಇಷ್ಟೆಲ್ಲ ಎಚ್ಚರದಿಂದ ನಡೆದವರೂ ಕಾಯುವಿಕೆಯ ಕೊನೆಯ ತಿಂಗಳಲ್ಲಿ ಸೋಲುತ್ತಾರೆ. ಈ ಪ್ರಸಂಗವನ್ನು ಕುರಿತು ಹೇಳುವುದೇ ನಮ್ಮ ಲೇಖನದ ಮುಖ್ಯೋದ್ದೇಶ. ಮನೆಗೆ ಬಣ್ಣವಾಗಿದೆ, ಬಾಗಿಲು ಕೂತಿದೆ, ನಲ್ಲಿಯಲ್ಲಿ ನೀರು ಬರುತ್ತಿದೆ. ಇನ್ನು ಸ್ವಾಧೀನಾನುಭವ ಪತ್ರ, ಎಂದರೆ ಒ.ಸಿ. ಎಂದು ಎಲ್ಲರೂ ಕರೆಯುವ ಕಾಗದವೊಂದು ಮಾತ್ರ ಬರಬೇಕಾಗಿದೆ. ಅಷ್ಟರಲ್ಲಿ ಆಷಾಢ ಹತ್ತಿರವಾಗುತ್ತದೆ. ಜ್ಯೇಷ್ಠದಲ್ಲಿಯೇ ಗೃಹಪ್ರವೇಶವಾಗಬೇಕೆಂದು ಪುರೋಹಿತರು ದಿನ ಹುಡುಕುತ್ತಾರೆ. ಊರಿನಿಂದ ಅಜ್ಜಿ ಬಂದಿರುತ್ತಾರೆ. ಬಾಡಿಗೆಮನೆಯ ಕರಾರು ಮುಗಿಯುತ್ತದೆ. ಇಂತಹ ಸಮಯದಲ್ಲಿ ಬಿಲ್ಡರ ಕಡೆಯವರು ಬಂದು, "ಒ.ಸಿ. ಇವತ್ತೋ ನಾಳೆಯೋ ಬರುತ್ತದೆ, ನೀವು ಮರಗೆಲಸ ಶುರುಮಾಡಿಕೊಳ್ಳಿ, ಪೂಜೆಯನ್ನೂ ಮಾಡಿಬಿಡಿ, ಇಲ್ಲೊಂದು ಸಹಿ ಹಾಕಿದರೆ ಸಾಕು" ಎಂದು ಬೀಗದ ಕೈ ನೀಡುತ್ತಾರೆ. ವರ್ಷಗಟ್ಟಲೆ ಕಾದ ಮನಸ್ಸಿಗೆ ಈ ಮಾತು ಅಮೃತದಂತೆ ಕೇಳಿಸಿದರೆ ಆಶ್ಚರ್ಯವೇನು?

ಆ ಸಹಿಯಿಂದಾಗುವುದನ್ನು ಯೋಚಿಸಬೇಕು. ಮನೆಯನ್ನು ತೃಪ್ತಿಕರವಾಗಿ ವಹಿಸಿಕೊಂಡೆನೆಂದೂ ಇನ್ನು ಯಾವ ಬಾಕಿಯೂ ಇಲ್ಲವೆಂದೂ ಅದರಲ್ಲಿ ಬರೆದಿದ್ದರೆ, ತಡವಾದ ಕಾಲದ ಬಡ್ಡಿಯನ್ನು ಕೇಳುವ ದಾರಿಗೆ ನಾವೇ ಮುಳ್ಳು ಹಾಕಿಕೊಂಡಂತೆ. ಒ.ಸಿ. ಎಂಬುದು ಮಂಜೂರಾದ ನಕ್ಷೆಯಂತೆಯೇ ಕಟ್ಟಡವು ಎದ್ದಿದೆ, ವಾಸಕ್ಕೆ ಯೋಗ್ಯವಾಗಿದೆ ಎಂದು ಅಧಿಕಾರಸ್ಥಾನವು ಕೊಡುವ ಸಾಕ್ಷ್ಯ. ನಕ್ಷೆಯನ್ನು ಮೀರಿ ಒಂದು ಅಂತಸ್ತು ಹೆಚ್ಚು ಎದ್ದಿದ್ದರೆ ಆ ಪತ್ರವು ನಾಳೆ ಬಾರದು, ನಾಡಿದ್ದೂ ಬಾರದು. 2024ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ವಿದ್ಯುತ್ತು, ನೀರು, ಒಳಚರಂಡಿಗಳ ಸಂಪರ್ಕವನ್ನು ಈ ಪತ್ರವನ್ನು ನೋಡಿದ ಮೇಲೆಯೇ ಕೊಡತಕ್ಕದ್ದೆಂದು ದೇಶಕ್ಕೆಲ್ಲ ಅನ್ವಯಿಸುವಂತೆ ಆಜ್ಞಾಪಿಸಿದೆ. ಪತ್ರವಿಲ್ಲದ ಮನೆಯನ್ನು ಮುಂದೆ ಮಾರಹೋದರೆ ಕೊಳ್ಳುವವನೂ ಅವನ ಬ್ಯಾಂಕೂ ಮೊದಲು ಕೇಳುವುದು ಇದನ್ನೇ. ಪತ್ರ ಬಂದ ಮೇಲಾದರೋ ಕಾಲವು ಎರಡು ಪಕ್ಷಗಳಿಗೂ ನಿಗದಿಯಾಗಿದೆ: ಎರಡು ತಿಂಗಳೊಳಗೆ ಕೊಂಡವನು ಮನೆಯನ್ನು ವಹಿಸಿಕೊಳ್ಳತಕ್ಕದ್ದು, ಮೂರು ತಿಂಗಳೊಳಗೆ ಬಿಲ್ಡರು ಕ್ರಯಪತ್ರವನ್ನು ಮಾಡಿಕೊಡತಕ್ಕದ್ದು.

ಕಾಯುವ ಶಕ್ತಿಯೇ ಇಲ್ಲದ ಕುಟುಂಬಗಳಿಗೆ ಒ.ಸಿ. ಬಂದ ಮನೆಯನ್ನೇ ಕೊಳ್ಳುವುದು ಕ್ಷೇಮ. ಅದರ ಬೆಲೆ ಹೆಚ್ಚೆಂದು ತೋರಬಹುದು. ಆದರೆ ಪತ್ರ ಬಂದ ಮೇಲೆ ಬಿಲ್ಡರಿಂದ ಕೊಂಡ ಮನೆಗೆ ಜಿ.ಎಸ್.ಟಿ. ಇಲ್ಲ. ಕಟ್ಟುತ್ತಿರುವ ಮನೆಗೆ 2019ರ ಏಪ್ರಿಲ್ 1ರಿಂದ ಸಾಮಾನ್ಯವಾಗಿ ಶೇಕಡಾ 5, ಕೈಗೆಟುಕುವ ಮನೆಗಳೆಂದು ಸರ್ಕಾರವು ಗುರುತಿಸಿದ ಸಣ್ಣ ಮನೆಗಳಿಗೆ ಶೇಕಡಾ 1 ತೆರಿಗೆಯುಂಟು. ಈ ತೆರಿಗೆಯನ್ನೂ ಬಾಡಿಗೆ ಬಡ್ಡಿಗಳನ್ನೂ ಕೂಡಿಸಿ ನೋಡಿದರೆ ಬೆಲೆಯ ಅಂತರವು ಎಷ್ಟೋ ಕುಗ್ಗುತ್ತದೆ.

ಮನೆಯನ್ನು ವಹಿಸಿಕೊಳ್ಳುವ ದಿನ ಗೃಹಿಣಿಯರು ತಪ್ಪದೆ ಜೊತೆಯಲ್ಲಿರಬೇಕು. ಅಡಿಗೆಮನೆಯ ಕುಂದುಕೊರತೆ ಅವರ ಕಣ್ಣಿಗೆ ಬೀಳುವಂತೆ ಗಂಡಸರ ಕಣ್ಣಿಗೆ ಬೀಳುವುದು ಕಡಮೆ. ಟೇಪು ಹಿಡಿದು ಕೋಣೆಗಳನ್ನು ಅಳೆಯಿರಿ. ನೆಲದ ಟೈಲುಗಳನ್ನು ನಾಣ್ಯದಿಂದ ತಟ್ಟಿರಿ. ಟೊಳ್ಳು ಸದ್ದು ಬಂದರೆ ಕೆಳಗೆ ಗಾರೆ ತುಂಬಿಲ್ಲ. ಬಚ್ಚಲಿನಲ್ಲಿಯೂ ಬಾಲ್ಕನಿಯಲ್ಲಿಯೂ ಒಂದೊಂದು ಕೊಡ ನೀರು ಸುರಿದು ಅದು ತೂಬಿನ ಕಡೆಗೆ ಹರಿಯುವುದೋ ಮೂಲೆಯಲ್ಲಿ ನಿಲ್ಲುವುದೋ ನೋಡಿರಿ. ಸಾಧ್ಯವಾದರೆ ಜೋರು ಮಳೆ ಬಂದ ಮರುದಿನ ಹೋಗಿ ಗೋಡೆಯ ಮೇಲೆ ಅಂಗೈಯಿಟ್ಟು ತೇವವನ್ನು ಪರೀಕ್ಷಿಸಿರಿ. ಕಂಡ ದೋಷಗಳನ್ನು ಪಟ್ಟಿಮಾಡಿ ಸಹಿ ಮಾಡಿಸಿಕೊಳ್ಳಿರಿ. ಕಟ್ಟಡದ ರಚನೆಯಲ್ಲಿಯಾಗಲಿ ಕೆಲಸದ ಗುಣದಲ್ಲಿಯಾಗಲಿ ಮನೆ ಕೈಗೆ ಬಂದ ಐದು ವರ್ಷಗಳೊಳಗೆ ದೋಷ ಕಂಡುಬಂದು ನೀವು ತಿಳಿಸಿದರೆ, 30 ದಿನಗಳಲ್ಲಿ ಉಚಿತವಾಗಿ ಸರಿಪಡಿಸುವ ಹೊಣೆ ಬಿಲ್ಡರದು.

ಗೃಹಪ್ರವೇಶದ ಮುಹೂರ್ತವನ್ನು ಇಡಿಸುವ ವಿಷಯದಲ್ಲಿ ನಮ್ಮ ಸಲಹೆ ಇಷ್ಟೇ: ಪುರೋಹಿತರ ಬಳಿಗೆ ಹೋಗುವಾಗ ಪಂಚಾಂಗದೊಡನೆ ಒ.ಸಿ.ಯ ಪ್ರತಿಯೂ ಕೈಯಲ್ಲಿರಲಿ. ಆಷಾಢ ಕಳೆದರೆ ಶ್ರಾವಣ ಬರುತ್ತದೆ. ಆ ವರ್ಷ ಕಳೆದರೆ ಮತ್ತೊಂದು ಜ್ಯೇಷ್ಠವೂ ಬರುತ್ತದೆ. ಅವಸರದಲ್ಲಿ ಹಾಕಿದ ಸಹಿ ಮಾತ್ರ ಹಿಂದಕ್ಕೆ ಬರುವುದಿಲ್ಲ. ಮೂರು ವರ್ಷ ಕಾದವರು ಇನ್ನು ಮೂರು ತಿಂಗಳು ಕಾಯುವುದು ಕಷ್ಟವೆಂಬುದನ್ನು ನಾವು ಬಲ್ಲೆವು. ಆದರೆ ಆ ಮೂರು ತಿಂಗಳ ಬಾಡಿಗೆ, ಹಾಲುಕ್ಕಿಸಿದ ಮೇಲೆ ಮುವ್ವತ್ತು ವರ್ಷ ನಿಶ್ಚಿಂತೆಯಿಂದ ನಿದ್ರಿಸುವುದಕ್ಕೆ ತೆತ್ತ ಬೆಲೆಯೆಂದು ಎಣಿಸಿದರೆ ಹೆಚ್ಚೆನಿಸದು.