ಅದು ಉಷ್ಣ ಅಲ್ಲ ಕಣ್ರೋ, ಗನೋರಿಯಾ!

ಮೂತ್ರ ಮಾಡುವಾಗ ಉರಿ, ಒಳಬಟ್ಟೆಗೆ ಹಳದಿ ಕೀವಿನ ಕಲೆ. ಗೆಳೆಯರಿಗೆ ಹೇಳಿದ್ರೆ ಬರೋ ಉತ್ತರ ಒಂದೇ: "ಉಷ್ಣ ಆಗಿದೆ, ಎಳನೀರು ಕುಡಿ."

ಎಳನೀರು ಕುಡೀರಿ, ಬೇಡ ಅನ್ನಲ್ಲ. ಬರೀ ಉರಿಗೆ ಬೇರೆ ಕಾರಣವೂ ಇರಬಹುದು. ಆದ್ರೆ ಕೀವು ಬಂದ್ರೆ ಅದು ಉಷ್ಣ ಅಲ್ಲ, ಸೋಂಕು. ಬಹಳ ಸಲ ಗನೋರಿಯಾ. ಕಾಂಡೋಮ್ ಇಲ್ಲದ ಲೈಂಗಿಕ ಸಂಪರ್ಕದಿಂದ ಹರಡೋ ಈ ಬ್ಯಾಕ್ಟೀರಿಯಾವನ್ನ ಆಲ್ಬರ್ಟ್ ನೈಸರ್ 1879ರಲ್ಲೇ ಗುರುತಿಸಿದ. ನಾವು ಇನ್ನೂ ಬಿಸಿಲಿನ ಮೇಲೆ ತಪ್ಪು ಹಾಕ್ತಾ ಕೂತಿದ್ದೀವಿ!

ಈ ನಾಚಿಕೆಯಿಂದ ಲಾಭ ಯಾರಿಗೆ? ಬಸ್ ಸ್ಟ್ಯಾಂಡ್ ಗೋಡೆಗೆ 'ಗುಪ್ತರೋಗ ತಜ್ಞ' ಅಂತ ಪೋಸ್ಟರ್ ಅಂಟಿಸಿದವನಿಗೆ. ಚೀಟಿ ಇಲ್ಲದೆ ಮೆಡಿಕಲ್ ಶಾಪಲ್ಲಿ ಎರಡು ಮಾತ್ರೆ ನುಂಗೋದೂ ದಾರಿಯಲ್ಲ. ಹಿಂದೆ ಕೆಲಸ ಮಾಡ್ತಿದ್ದ ಸಿಪ್ರೊಫ್ಲಾಕ್ಸಸಿನ್‌ಗೆ ಈ ರೋಗಾಣು ಈಗ ಹೆಚ್ಚಾಗಿ ಬಗ್ಗಲ್ಲ.

ನಷ್ಟ ಯಾರಿಗೆ? ಹೆಚ್ಚಾಗಿ ಹೆಂಗಸರಿಗೆ. ಅವರಲ್ಲಿ ಬಹಳ ಜನಕ್ಕೆ ಲಕ್ಷಣವೇ ಕಾಣಲ್ಲ. ಸೋಂಕು ಗರ್ಭನಾಳಕ್ಕೆ ಏರಿ ಮಕ್ಕಳಾಗದ ಹಾಗೆ ಮಾಡಬಹುದು. ಹೆರಿಗೆ ಹೊತ್ತಲ್ಲಿ ಮಗುವಿನ ಕಣ್ಣಿಗೂ ತಗುಲಬಹುದು. ರೋಗ ತಂದವನು ಗಂಡ, 'ಬಂಜೆ' ಅನ್ನಿಸಿಕೊಳ್ಳೋಳು ಹೆಂಡತಿ. ಇದು ಯಾವ ನ್ಯಾಯ?

ಇದು ವಾಸಿಯಾಗೋ ಕಾಯಿಲೆ. ಜಿಲ್ಲಾಸ್ಪತ್ರೆಗಳಲ್ಲಿರೋ ಸುರಕ್ಷಾ ಕ್ಲಿನಿಕ್‌ನಲ್ಲಿ ಸಲಹೆ, ಔಷಧ ಉಚಿತ. ಸಂಗಾತಿಗೂ ಚಿಕಿತ್ಸೆ ಆಗಲೇಬೇಕು, ಇಲ್ಲದಿದ್ರೆ ಸೋಂಕು ಮತ್ತೆ ನಿಮಗೇ ವಾಪಸ್. ಚಿಕಿತ್ಸೆ ಮುಗಿದು 7 ದಿನ ಸಂಪರ್ಕ ಬೇಡ. ಜೊತೆಗೆ ಎಚ್‌ಐವಿ, ಸಿಫಿಲಿಸ್ ಪರೀಕ್ಷೆಯನ್ನೂ ಮಾಡಿಸಿ.

ಈಗ ನಮ್ಮ ವಿಷಯ. ಮನೆಮಾತಲ್ಲೇ ಬಾಯಿಗೆ ಬರದ ಮಾತನ್ನ ಮಲಯಾಳಂ, ತಮಿಳು, ಮರಾಠಿ, ತೆಲುಗಿನಲ್ಲಿ ಬಿಡಿಸಿ ಹೇಳು ಅಂದ್ರೆ ಎಷ್ಟು ಹುಡುಗರು, ಎಷ್ಟು ಹೆಣ್ಮಕ್ಕಳು ಬಾಗಿಲಿಂದಲೇ ವಾಪಸ್ ಬರಲ್ಲ? ಶೇ. 15ರಷ್ಟು ಭಾಷಾ ಅಲ್ಪಸಂಖ್ಯಾತರಿರೋ ಜಿಲ್ಲೆ, ತಾಲ್ಲೂಕಲ್ಲಿ ಮುಖ್ಯ ಸೂಚನೆಗಳು ಅವರ ಭಾಷೆಯಲ್ಲೂ ಇರಬೇಕು ಅನ್ನೋದು ನಮಗೆ ಸಿಕ್ಕಿರೋ ರಕ್ಷಣೆ. ಅದನ್ನ ಬರೀ ಊರಿನ ಬೋರ್ಡಿಗೆ ಕೇಳಿದ್ರೆ ಸಾಲದು. ಆಸ್ಪತ್ರೆ ಗೋಡೆಗೂ ಕೇಳಿ. ಕಾಸರಗೋಡಿರಲಿ, ತಾಳವಾಡಿ ಇರಲಿ, ಜತ್ತ ಇರಲಿ, ಆದವಾನಿ ಇರಲಿ, ನೋವನ್ನ ಕನ್ನಡದಲ್ಲಿ ಹೇಳೋದು ಉಪಕಾರ ಅಲ್ಲ, ಹಕ್ಕು.

ಅಲ್ಲೀವರೆಗೆ ಕಾಯಬೇಡಿ. ರೋಗ ಅರ್ಜಿಗೆ ಕಾಯಲ್ಲ. ಮಾತು ಬರೋ ಗೆಳೆಯನ್ನ ಜೊತೆಗೆ ಕರ್ಕೊಂಡು ಹೋಗಿ. ಮೊದಲು ಕೇಳಿ ತಿಳ್ಕೋಬೇಕು ಅಂದ್ರೆ 1097ಕ್ಕೆ ಫೋನ್ ಮಾಡಿ, ದುಡ್ಡು ಬೇಡ.

ನಾಚಿಕೊಂಡು ಸ್ಕ್ರೋಲ್ ಮಾಡಬೇಡಿ. ಶೇರ್ ಮಾಡಿ. ನಿಮ್ಮ ಲಿಸ್ಟಲ್ಲಿರೋ ಯಾರೋ ಒಬ್ಬರಿಗೆ ಇದು ಇವತ್ತೇ ಬೇಕಾಗಿರಬಹುದು.