ಯಂತ್ರ ಸರಿ, ಕೂರಿಸಿದ ಜಾಗ ಸರಿಯಲ್ಲ

ಮೊನ್ನೆ ಸಂಜೆ ಮಂಡಿ ಮೊಹಲ್ಲಾದ ಟೀ ಅಂಗಡಿಯೊಂದರ ಮುಂದೆ ನಾಲ್ಕಾರು ಹುಡುಗರು ಒಂದೇ ಮೊಬೈಲಿನ ಮೇಲೆ ತಲೆ ಬಗ್ಗಿಸಿ ನಿಂತಿದ್ದರು. ಪಾಳಿ ಮುಗಿಸಿ ಬಂದವರು, ಕೈಗೆ ಹತ್ತಿದ ಎಣ್ಣೆ ಇನ್ನೂ ಪೂರ್ತಿ ಹೋಗಿರಲಿಲ್ಲ. ಸಿನಿಮಾ ಇರಬೇಕೆಂದು ಬಗ್ಗಿ ನೋಡಿದರೆ ಅಮೆರಿಕದ ಒಂದು ಟ್ರಕ್ಕು! ಹೆಸರು ಟೊಯೋಟಾ ಟುಂಡ್ರಾ. ಮುಂದೆ ಐದು ಜನ ಕೂರುವ ಮನೆಯಂಥ ಕ್ಯಾಬಿನ್ನು, ಹಿಂದೆ ತೆರೆದ ತೊಟ್ಟಿ, ಬಂಡೆಗಲ್ಲಿನ ಮೇಲೆ ಆನೆಯ ಹಾಗೆ ಹತ್ತುತ್ತಿತ್ತು. “ಮೇಷ್ಟ್ರೇ, 437 ಹಾರ್ಸ್ ಪವರ್!” ಎಂದು ಒಬ್ಬ ಹೇಳಿದ, ತಾನೇ ಕಟ್ಟಿ ನಿಲ್ಲಿಸಿದವನ ಗತ್ತು ಅವನ ದನಿಯಲ್ಲಿತ್ತು.

ಇಂಥ ಉತ್ಸಾಹವನ್ನು ಕಂಡರೆ ನಮ್ಮ ಪಕ್ಷದ ಕೆಲವು ಗೆಳೆಯರು ಮೂಗು ಮುರಿಯುತ್ತಾರೆ. ಶ್ರೀಮಂತರ ಆಟಿಕೆಗೆ ಬಡವರ ಮಕ್ಕಳು ಬಾಯಿ ಬಿಡುತ್ತಾರಲ್ಲ ಎಂದು ಮರುಗುತ್ತಾರೆ. ನಾನು ಈ ಮಾತನ್ನು ಒಪ್ಪಲಾರೆ. ಹೂಟಗಳ್ಳಿಯಲ್ಲಿ ಲಾರಿಗಳ ಆಕ್ಸಲ್ ಮಾಡುವ, ಮೇಟಗಳ್ಳಿಯಲ್ಲಿ ಟೈರು ಮಾಡುವ ಊರಿನ ಹುಡುಗರು ಯಂತ್ರವನ್ನು ಮೆಚ್ಚದೆ ಇನ್ನೇನನ್ನು ಮೆಚ್ಚಬೇಕು? 1961ರಿಂದ 1996ರವರೆಗೆ ಯಾದವಗಿರಿಯ ಕಾರ್ಖಾನೆಯಿಂದ ಜಾವಾ, ಯೆಜ್ಡಿ ಮೋಟಾರ್ ಸೈಕಲ್ಲುಗಳು ಹೊರಬೀಳುತ್ತಿದ್ದ ಕಾಲದಲ್ಲಿ ಇವರ ಅಪ್ಪಂದಿರು ಎಂಜಿನ್ನಿನ ಸದ್ದಿನಿಂದಲೇ ಕಾಯಿಲೆ ಹೇಳುತ್ತಿದ್ದರು. ಅದು ವಿದ್ಯೆ. ಅದನ್ನು ಹಳಿಯುವವನು ಕಾರ್ಮಿಕನ ಪಕ್ಷಪಾತಿಯಾಗಲಾರ.

ಹಾಗಾದರೆ ಈ ಟ್ರಕ್ಕಿನಲ್ಲಿ ಮೆಚ್ಚುವಂಥದ್ದೇನಿದೆ? 2007ರಿಂದ 2021ರವರೆಗೆ ನಡೆದ ಹಳೆಯ ಮಾದರಿಗೆ 5.7 ಲೀಟರಿನ, ಎಂಟು ಸಿಲಿಂಡರಿನ ದೈತ್ಯ ಎಂಜಿನ್ನಿತ್ತು. ಅದರ ಬಲ 381 ಅಶ್ವಶಕ್ತಿ. 2021ರ ಸೆಪ್ಟೆಂಬರಿನಲ್ಲಿ ಹೊಸ ಮಾದರಿಯನ್ನು ತೋರಿಸಿದಾಗ ಎಂಟು ಹೋಗಿ ಆರು ಸಿಲಿಂಡರಾಗಿತ್ತು. ಹೈಬ್ರಿಡ್ ಎಂಬ ಬಗೆಯಲ್ಲಿ ಎಂಜಿನ್ನಿಗೂ ಗೇರು ಪೆಟ್ಟಿಗೆಗೂ ನಡುವೆ ಒಂದು ವಿದ್ಯುತ್ ಮೋಟಾರು, ಹಿಂದಿನ ಸೀಟಿನ ಕೆಳಗೆ ಅದರ ಬ್ಯಾಟರಿ. ಗುಡ್ಡ, ಕೆಸರಿಗೆಂದೇ ಮಾಡಿದ ದುಬಾರಿ ಬಗೆ ಈ ಹೈಬ್ರಿಡ್ಡಿನಲ್ಲಿ ಮಾತ್ರ ಬರುತ್ತದೆ. ಇದರಲ್ಲೂ ಲೋಪವಿಲ್ಲದೆ ಇಲ್ಲ. ಕೊರೆಯುವಾಗ ಎದ್ದ ಲೋಹದ ಚೂರು ಎಂಜಿನ್ನಿನೊಳಗೆ ಉಳಿದುಹೋದದ್ದರಿಂದ 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಗಾಡಿಗಳನ್ನು ಕಂಪನಿ ಹಿಂದಕ್ಕೆ ಕರೆಯಬೇಕಾಯಿತು. ಹೈಬ್ರಿಡ್ ಗಾಡಿಗಳು ಆ ಪಟ್ಟಿಯಲ್ಲಿರಲಿಲ್ಲ. ಟೀ ಅಂಗಡಿಯ ಹುಡುಗರಿಗೆ ಇದೂ ಗೊತ್ತಿತ್ತು!

ಹೈಬ್ರಿಡ್ಡಿನ ಗುಟ್ಟು ಬಹಳ ಸರಳ. ಓಡುವ ಗಾಡಿಗೆ ಬ್ರೇಕು ಒತ್ತಿದರೆ ಎಣ್ಣೆ ಸುಟ್ಟು ಗಳಿಸಿದ ವೇಗವೆಲ್ಲ ಚಕ್ರದ ಬಳಿ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಹೈಬ್ರಿಡ್ಡಿನಲ್ಲಿ ಆ ಗಳಿಗೆಗೆ ಮೋಟಾರು ಹಳೆಯ ಸೈಕಲ್ಲಿನ ಡೈನಮೋದಂತೆ ತಿರುಗಿ ಬ್ಯಾಟರಿ ತುಂಬುತ್ತದೆ. ಮತ್ತೆ ಗಾಡಿ ಹೊರಡುವಾಗ ಅದೇ ವಿದ್ಯುತ್ತು ತಳ್ಳುತ್ತದೆ. ಅಂದರೆ ಯಾವ ಗಾಡಿ ಹೆಚ್ಚು ಸಲ ನಿಂತು ಹೊರಡುತ್ತದೋ ಅದಕ್ಕೆ ಇದರ ಲಾಭ ಹೆಚ್ಚು.

ಈಗ ಲೆಕ್ಕ ನೋಡಿ. ಅಮೆರಿಕ ಸರ್ಕಾರದ ಪರೀಕ್ಷೆಯ ಪ್ರಕಾರ ಎರಡು ಚಕ್ರದಿಂದ ಎಳೆಯುವ ಹೈಬ್ರಿಡ್ ಟುಂಡ್ರಾ ಗ್ಯಾಲನ್ನಿಗೆ 22 ಮೈಲಿ, ಎಂದರೆ ಲೀಟರಿಗೆ ಒಂಬತ್ತು ಕಿಲೋಮೀಟರು ಚಿಲ್ಲರೆ ಓಡುತ್ತದೆ. ಬರೀ ಪೆಟ್ರೋಲಿನದು ಎಂಟೂವರೆ. ಇಷ್ಟೆಲ್ಲ ಜಾಣತನ ಮಾಡಿ ಉಳಿಸಿದ್ದು ಒಂದು ಕಿಲೋಮೀಟರಿಗೂ ಕಡಿಮೆ! ಉಳಿದದ್ದು ಬಲಕ್ಕೆ, ಜಂಬಕ್ಕೆ ಹೋಯಿತು. ಬಂಗಾರದ ಸೂಜಿಯೆಂದು ಗೋಣಿಚೀಲ ಹೊಲಿಯಲು ಕೂತ ಹಾಗೆ.

ಅದು ಟೆಕ್ಸಾಸಿನಲ್ಲಿ ತಯಾರಾಗುವ ಗಾಡಿ, ಅದರ ಗೋಜು ನಮಗೇಕೆ ಎಂದು ಓದುಗರು ಕೇಳಬಹುದು. ಅದೇ ಕಂಪನಿಯ ಕಾರ್ಖಾನೆ ಮೈಸೂರಿನಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲೇ, ಬಿಡದಿಯಲ್ಲಿದೆ. 1999ರ ಕೊನೆಯಿಂದ ಅಲ್ಲಿ ಗಾಡಿಗಳು ತಯಾರಾಗುತ್ತಿವೆ. ಟುಂಡ್ರಾದ ತಮ್ಮನೆನ್ನಬಹುದಾದ ಹೈಲಕ್ಸ್ ಎಂಬ ಪಿಕಪ್ಪನ್ನು 2022ರಲ್ಲಿ ಮಾರಾಟಕ್ಕಿಟ್ಟಾಗ ಬೆಲೆ 33.99 ಲಕ್ಷ ರೂಪಾಯಿಯಿಂದ ಶುರುವಾಗಿತ್ತು. ಸಂತೇಪೇಟೆಯ ಯಾವ ವರ್ತಕ ಇಷ್ಟು ಹಣ ಕೊಟ್ಟು ಈರುಳ್ಳಿ ಮೂಟೆ ಹೇರಿಯಾನು? ಹೈಬ್ರಿಡ್ ಕಾರುಗಳೂ ಅಲ್ಲಿ ತಯಾರಾಗುತ್ತವೆ, ಅವುಗಳ ವಿದ್ಯುತ್ ಚಾಲನೆಯ ಭಾಗಗಳನ್ನೂ ಬಿಡದಿಯಲ್ಲೇ ಮಾಡುತ್ತಾರೆ. 2022ರ ಮೇ ತಿಂಗಳಲ್ಲಿ ಟೊಯೋಟಾ ಬಳಗದ ಕಂಪನಿಗಳು ರಾಜ್ಯ ಸರ್ಕಾರದೊಡನೆ 4,800 ಕೋಟಿ ರೂಪಾಯಿ ಹೂಡಿಕೆಯ ಒಪ್ಪಂದ ಮಾಡಿಕೊಂಡವು. 2020ರ ನವೆಂಬರಿನಲ್ಲಿ ಅಲ್ಲಿ ಮುಷ್ಕರ, ಲಾಕೌಟು ನಡೆದು, ಕೆಲಸದ ಹೊರೆ ಹೆಚ್ಚಿತೆಂದು ಕಾರ್ಮಿಕರು ತಿಂಗಳುಗಟ್ಟಲೆ ಹೊರಗೆ ಕೂತದ್ದನ್ನು ನಮ್ಮ ಓದುಗರು ಮರೆತಿರಲಾರರು. ವಿದ್ಯೆ ನಮ್ಮವರ ಕೈಗೆ ಬಂದಿದೆ. ಆ ಕೈಗಳು ಏನನ್ನು ಮಾಡಬೇಕೆಂಬ ತೀರ್ಮಾನ ಮಾತ್ರ ನಮ್ಮದಲ್ಲ.

1952ರಲ್ಲಿ ಪಚ್‌ಮಢಿಯಲ್ಲಿ ಸೇರಿದ ಸಮಾಜವಾದಿ ಸಮ್ಮೇಳನದಲ್ಲಿ ಡಾ. ಲೋಹಿಯಾ ಸಣ್ಣ ಯಂತ್ರದ ವಿಚಾರವನ್ನು ಮುಂದಿಟ್ಟರು. ಯಂತ್ರವೇ ಬೇಡವೆಂದು ಅವರು ಹೇಳಲಿಲ್ಲ. ವಿದ್ಯುತ್ತಿನಿಂದಲೋ ಎಣ್ಣೆಯಿಂದಲೋ ಓಡುವ, ಸಣ್ಣವನ ಕೈಗೆಟಕುವ ಯಂತ್ರ ಬೇಕೆಂದರು. ಹೈಬ್ರಿಡ್ ಮೋಟಾರನ್ನು ನೋಡಿದಾಗ ನನಗೆ ಆ ಮಾತೇ ನೆನಪಾಗುತ್ತದೆ. 2005ರಲ್ಲಿ ಟಾಟಾ ಏಸ್, ನಮ್ಮ ಜನ ಚೋಟಾ ಹಾಥಿ ಎಂದು ಕರೆಯುವ ಗಾಡಿ, ಬಂದಮೇಲೆ ಎಷ್ಟು ಮಂದಿ ಕೂಲಿ ಚಾಲಕರು ಗಾಡಿಯ ಒಡೆಯರಾದರು! ಆ ಜಾತಿಯ ಗಾಡಿಗಳು ಇಂದು ಪೆಟ್ರೋಲು, ಡೀಸೆಲು, ಗ್ಯಾಸು, ಬರೀ ವಿದ್ಯುತ್ತು, ಎಲ್ಲದರಲ್ಲೂ ಸಿಗುತ್ತವೆ. ಹೈಬ್ರಿಡ್ ಮಾತ್ರ ಕಾರು ಕೊಳ್ಳುವವರ ಮನೆಯಲ್ಲಿದೆ.

ಬರೀ ವಿದ್ಯುತ್ತಿನ ಗಾಡಿಯೇ ಸಾಲದೇ ಎನ್ನುವವರಿದ್ದಾರೆ. ಊರೊಳಗಿನ ಕೆಲಸಕ್ಕೆ ಸಾಕು, ಒಪ್ಪಿದೆ. ಗುಂಡ್ಲುಪೇಟೆಯ ತರಕಾರಿ ಹೇರಿಕೊಂಡು ಘಟ್ಟ ಹತ್ತುವವನಿಗೆ, ಬಂಡೀಪುರದ ಗೇಟು ರಾತ್ರಿ ಒಂಬತ್ತಕ್ಕೆ ಮುಚ್ಚುವುದರೊಳಗೆ ಕಾಡು ದಾಟಬೇಕಾದವನಿಗೆ ಚಾರ್ಜಿಗೆಂದು ಗಂಟೆಗಟ್ಟಲೆ ನಿಲ್ಲುವ ಬಿಡುವೆಲ್ಲಿ? ಬೆಲೆ ಹೆಚ್ಚಾಗುತ್ತದೆಂಬುದು ಇನ್ನೊಂದು ಆಕ್ಷೇಪ. ಇದು ನಿಜವಾದ ಆಕ್ಷೇಪ. ಸರ್ಕಾರದ ಕೆಲಸ ಇರುವುದು ಇಲ್ಲೇ. 2025ರ ಸೆಪ್ಟೆಂಬರ್ 22ರಿಂದ ಸರಕು ಗಾಡಿಗಳ ಜಿಎಸ್‌ಟಿಯನ್ನು ಶೇಕಡ 28ರಿಂದ 18ಕ್ಕೆ ಇಳಿಸಿದರು, ಒಳ್ಳೆಯದು. ವಿದ್ಯುತ್ ಗಾಡಿಗೆ ಶೇಕಡ 5 ಇದೆ. ಸಣ್ಣ ಸರಕು ಗಾಡಿಗೆ ಹೈಬ್ರಿಡ್ ಕೂರಿಸಿದರೆ ಅದಕ್ಕೂ ಐದೇ ಹಾಕಲಿ. ರಾಜ್ಯ ಸರ್ಕಾರವೂ ಇನ್ನು ಮುಂದೆ ಯಾವ ವಾಹನ ಕಂಪನಿಗೆ ನೆಲ, ನೀರು, ರಿಯಾಯಿತಿ ಕೊಟ್ಟರೂ ಸಣ್ಣ ಗಾಡಿಯೂ ಆಗಬೇಕೆಂಬ ಷರತ್ತನ್ನು ಮೊದಲ ಪುಟದಲ್ಲೇ ಬರೆಯಲಿ. ವಾಹನ ಕಾರ್ಮಿಕರ ಸಂಘಗಳು ವೇತನದ ಬೇಡಿಕೆಯ ಜೊತೆಗೆ ಇದನ್ನೂ ಸೇರಿಸಿದರೆ ವರ್ತಕರ ಸಂಘಗಳು ಬೆನ್ನಿಗೆ ನಿಲ್ಲುತ್ತವೆ ಎಂಬುದು ನನ್ನ ನಂಬಿಕೆ.

ಅಂದು ಟೀ ಅಂಗಡಿಯಲ್ಲಿ ಬಂಡೀಪಾಳ್ಯದ ಮಂಡಿಯಿಂದ ಮೂಟೆ ತರುವ ಗಾಡಿಯ ಚಾಲಕರೊಬ್ಬರೂ ಕೂತಿದ್ದರು. ದಿನಕ್ಕೆ ಎಷ್ಟು ಸಲ ಗಾಡಿ ನಿಲ್ಲಿಸುತ್ತೀರಿ ಎಂದು ಕೇಳಿದೆ. ಅವರು ಬೆರಳು ಮಡಿಸುತ್ತ ಎಣಿಸತೊಡಗಿದರು. ದೇವರಾಜ ಮಾರುಕಟ್ಟೆ ತಲುಪುವ ಹೊತ್ತಿಗೆ ಎರಡೂ ಕೈಯ ಬೆರಳು ಮುಗಿದವು. “ಇದು ಬೆಳಿಗ್ಗೆ ಹತ್ತರ ತನಕದ್ದು ಸ್ವಾಮಿ” ಎಂದರು. ಹುಡುಗರು ಮೊಬೈಲನ್ನು ಜೇಬಿಗಿಟ್ಟು ಅವರ ಗಾಡಿಯ ಕೆಳಗೆ ಬಗ್ಗಿ, ಮೋಟಾರು ಕೂರಿಸಲು ಜಾಗವೆಲ್ಲಿದೆಯೆಂದು ನೋಡತೊಡಗಿದರು.